23ನೇ ತಾರೀಖಿನೊಳಗೆ ಮುಗಿಸಬೇಕಾದ ಆಟ: ಒಂದು ಪ್ರಕರಣ ಅಧ್ಯಯನ

ಗೆಳೆಯ ತೋರಿಸಿದ ಸ್ಪ್ರೆಡ್‌ಶೀಟಿನಲ್ಲಿ ಐದು ಕಾಲಂ ಇದ್ದವು. ಆಟದ ಹೆಸರು, ಶುರು ಮಾಡಿದ ದಿನ, ಆಡಿದ ಗಂಟೆ, ಮುಗಿಯಿತೋ ಇಲ್ಲವೋ, ಆಮೇಲೆ ಹಳದಿ ಬಣ್ಣ ಬಳಿದ ಕೊನೆಯ ಕಾಲಂ: "ಗಂಟೆಗೆ ಎಷ್ಟು ಬಿತ್ತು". ವಿಡಿಯೋ ಗೇಮ್‌ಗಳಿಗೆ ಕಟ್ಟುವ ತಿಂಗಳ ಚಂದಾವನ್ನು ಆ ತಿಂಗಳು ಆಡಿದ ಗಂಟೆಗಳಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಕಡಿಮೆ ಬಂದಷ್ಟೂ ತಾನು ಗೆದ್ದ ಹಾಗೆ ಎಂಬುದು ಅವನ ಲೆಕ್ಕ. ಆಟ ಚೆನ್ನಾಗಿತ್ತೇ ಎಂಬುದಕ್ಕೆ ಕಾಲಂ ಇರಲಿಲ್ಲ. ಯಾಕೆ ಇಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. "ಅದನ್ನ ಹೆಂಗೆ ಬರೆಯೋದೋ?" ಅಂದ.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರಾಗಲಿ, ಅವನು ದುಡ್ಡು ಕಟ್ಟುತ್ತಿದ್ದ ಕಂಪನಿಗಳ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಮೂವತ್ತು ದಾಟಿದವನು, ಚಿಕ್ಕಂದಿನಿಂದ ವಿಡಿಯೋ ಗೇಮ್ ಆಡುತ್ತ ಬಂದವನು. ಈಗ ವಾರಕ್ಕೆ ಆರೇಳು ಗಂಟೆ ಸಿಕ್ಕರೆ ಹೆಚ್ಚು, ಅದೂ ಮನೆಯವರೆಲ್ಲ ಮಲಗಿದ ಮೇಲೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಅವನಿಗೆ ಹಣದ ತಾಪತ್ರಯ ಇರಲಿಲ್ಲ. ತಿಂಗಳಿಗೆ ಮೂರು ಚಂದಾ ಹೋದರೂ ಸಂಸಾರದ ಲೆಕ್ಕದಲ್ಲಿ ಅದು ಕಾಣುತ್ತಿರಲಿಲ್ಲ. ಆದರೂ ನನ್ನ ಹತ್ತಿರ ಬಂದು ಹೇಳಿಕೊಂಡದ್ದು ಹೀಗೆ: "ನಂಗೆ ಬೇಕಾದ್ದು ಆಡ್ತಿಲ್ಲ ಕಣೋ. ಕಟ್ಟಿದೀನಲ್ಲ ಅಂತ ಆಡ್ತಿದೀನಿ."

ಮೂರು ತಾರೀಖು

ಒಂದು ಚಂದಾ ಕನ್ಸೋಲಿನದು. ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡುವುದಕ್ಕೂ ಒಂದಷ್ಟು ಆಟಗಳ ಲೈಬ್ರರಿಗೂ (ಚಂದಾ ಇರುವವರೆಗೆ ಬೇಕಾದ್ದನ್ನು ತೆರೆದು ಆಡಬಹುದಾದ ಸಂಗ್ರಹ) ಸೇರಿಸಿ. ಅದು ಪ್ರತಿ ತಿಂಗಳು 4ನೇ ತಾರೀಖು ಹೋಗುತ್ತಿತ್ತು. ಇನ್ನೊಂದು ಪಿಸಿಯ ಲೈಬ್ರರಿ, ನೂರಾರು ಆಟ, 23ಕ್ಕೆ. ಮೂರನೆಯದು ಸಾವಿರಾರು ಮಂದಿ ಒಂದೇ ಲೋಕದಲ್ಲಿ ಆಡುವ ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟದ್ದು, 17ಕ್ಕೆ. ಈ ಮೂರು ತಾರೀಖುಗಳನ್ನು ಅವನು ಕ್ಯಾಲೆಂಡರ್ ನೋಡದೆ ಹೇಳಬಲ್ಲ. ತಂಗಿಯ ಹುಟ್ಟಿದ ದಿನ ಹೇಳುವಾಗ ಒಂದು ಗಳಿಗೆ ಯೋಚಿಸಿದ.

ಇವನೊಬ್ಬನೇ ಹೀಗಿಲ್ಲ. ಸೋನಿ 2010ರಲ್ಲಿ ಪ್ಲೇಸ್ಟೇಷನ್ ಪ್ಲಸ್ ತಂದಿತು, 2022ರಲ್ಲಿ ಅದನ್ನು ಮೂರು ಹಂತ ಮಾಡಿತು. ಮೈಕ್ರೋಸಾಫ್ಟ್‌ನ ಗೇಮ್ ಪಾಸ್ 2017ರ ಜೂನ್‌ನಲ್ಲಿ ಶುರುವಾಯಿತು. 2024ರ ಫೆಬ್ರುವರಿಯಲ್ಲಿ ತನಗೆ 3.4 ಕೋಟಿ ಚಂದಾದಾರರಿದ್ದಾರೆ ಎಂದು ಕಂಪನಿಯೇ ಹೇಳಿತು. ಅದರ ಮೇಲಿನ ಹಂತವಾದ ಅಲ್ಟಿಮೇಟ್ 2019ರಲ್ಲಿ ಅಮೆರಿಕದಲ್ಲಿ ತಿಂಗಳಿಗೆ 14.99 ಡಾಲರ್ ಇತ್ತು, 2025ರ ಅಕ್ಟೋಬರ್‌ನಲ್ಲಿ 29.99 ಆಯಿತು. ಆರು ವರ್ಷದಲ್ಲಿ ಇಮ್ಮಡಿ. ಚಂದಾ ಅಗ್ಗವಿದ್ದಾಗ ಯಾರೂ ಗಂಟೆ ಎಣಿಸುವುದಿಲ್ಲ. ಏರಿದಾಗಲೇ ಇಂಥ ಹಳದಿ ಕಾಲಂಗಳು ಹುಟ್ಟುವುದು. ಗೆಳೆಯನ ಸ್ಪ್ರೆಡ್‌ಶೀಟ್ ಕೂಡ ಅವನ ಚಂದಾ ಎರಡನೇ ಸಲ ಏರಿದ ವಾರ ಶುರುವಾದದ್ದು.

ಒಂದು ಶುಕ್ರವಾರ

ಅವನು ಹೇಳಿದ್ದನ್ನು ನಂಬುವುದಕ್ಕಿಂತ ನೋಡುವುದು ಮೇಲು ಅಂತ ಒಂದು ಶುಕ್ರವಾರ ರಾತ್ರಿ ಅವನ ಪಕ್ಕ ಕೂತೆ. 10:40ಕ್ಕೆ ಕಂಪ್ಯೂಟರ್ ಹಾಕಿದ. ಲೈಬ್ರರಿ ತೆರೆದುಕೊಂಡಿತು. ಮೇಲಿನ ಸಾಲಿನಲ್ಲಿ ಹೊಸದಾಗಿ ಬಂದ ಆಟಗಳು, ಸ್ವಲ್ಪ ಕೆಳಗೆ ಸದ್ಯದಲ್ಲೇ ಲೈಬ್ರರಿ ಬಿಟ್ಟು ಹೊರಡುವ ಆಟಗಳು. ಕೈ ತಾನಾಗಿಯೇ ಎರಡನೇ ಸಾಲಿಗೆ ಹೋಯಿತು. ನನಗೆ ಅಲ್ಲೇ ಒಂದು ಅನುಮಾನ ಬಂತು, ಬಾಯಿ ಬಿಡಲಿಲ್ಲ.

ಆ ಸಾಲಿನಲ್ಲಿ ಐದು ಆಟ. ಒಂದೊಂದನ್ನೂ ಫೋನಿನಲ್ಲಿ ಹುಡುಕಿ, ಮುಗಿಸಲು ಎಷ್ಟು ಗಂಟೆ ಬೇಕು ಅಂತ ನೋಡಿದ. ಆಟಗಾರರೇ ತಮ್ಮ ಸಮಯ ದಾಖಲಿಸುವ ಹೌ ಲಾಂಗ್ ಟು ಬೀಟ್ ತಾಣ ಇದೆಯಲ್ಲ, ಅಲ್ಲಿ. ಮೊದಲನೆಯದು ಅರವತ್ತು ಗಂಟೆ. ಅದನ್ನು ಎರಡು ವರ್ಷದಿಂದ ಆಡಬೇಕು ಅಂತಿದ್ದನಂತೆ. ದಾಟಿ ಮುಂದೆ ಹೋದ. ಮೂರನೆಯದು ಒಂಬತ್ತು ಗಂಟೆ. "ಇವತ್ತು ಎರಡು, ನಾಳೆ ನಾಲ್ಕು, ನಾಡಿದ್ದು ಮೂರು. ಆಗತ್ತೆ." ಡೌನ್‌ಲೋಡ್ ಒತ್ತಿದ. ಇಳಿಯಲು ನಲವತ್ತು ನಿಮಿಷ ಎಂದಿತು ಪರದೆ. ಸುಮ್ಮನೆ ಕೂರುವುದೇಕೆ ಎಂದು ಆನ್‌ಲೈನ್ ಆಟ ತೆರೆದು ಅವತ್ತಿನ ಡೈಲಿ ಕ್ವೆಸ್ಟ್‌ಗಳನ್ನು ಮಾಡತೊಡಗಿದ. ಹತ್ತು ತೋಳ ಕೊಲ್ಲುವುದು, ಏಳು ಗಿಡ ಕೀಳುವುದು. ಮಾತಾಡುತ್ತಲೇ ಮಾಡಿದ, ಆ ಕೈಗಳಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ.

11:25ಕ್ಕೆ ಹೊಸ ಆಟ ಶುರುವಾಯಿತು. ಮೊದಲ ದೃಶ್ಯ: ಮಳೆ, ಒಂದು ರೈಲು ನಿಲ್ದಾಣ, ಯಾರೋ ಪತ್ರ ಓದುತ್ತಿದ್ದಾರೆ. ಸ್ಕಿಪ್ ಒತ್ತಿದ. ಇವನನ್ನು ನಾನು ಕಾಲೇಜಿನ ದಿನಗಳಿಂದ ಬಲ್ಲೆ. ಆಟದೊಳಗಿನ ಕಪಾಟಿನಲ್ಲಿ ಪುಸ್ತಕ ಕಂಡರೆ ಅದನ್ನೂ ತೆಗೆದು ಓದುತ್ತಿದ್ದ ಆಸಾಮಿ. ಊರಿನ ಪ್ರತಿ ಮುದುಕಿಯನ್ನೂ ಮಾತಾಡಿಸದೆ ಮುಂದಿನ ಊರಿಗೆ ಹೋಗುತ್ತಿರಲಿಲ್ಲ. 12:10ಕ್ಕೆ ಆಟ ಮುಚ್ಚಿದ. ಹೇಗಿತ್ತು ಅಂದೆ. "ಪರವಾಗಿಲ್ಲ. ಒಂಬತ್ತೇ ಗಂಟೆದು" ಅಂದ.

ಹನ್ನೆರಡು ವಾರದ ಲೆಕ್ಕ

ಸ್ಪ್ರೆಡ್‌ಶೀಟಿನಲ್ಲಿ ಹನ್ನೆರಡು ವಾರದ ದಾಖಲೆ ಇತ್ತು. ಒಟ್ಟು 81 ಗಂಟೆ. ಲೈಬ್ರರಿಗಳಿಂದ 23 ಆಟ ಶುರು ಮಾಡಿದ್ದ. ಅದರಲ್ಲಿ 14 ಆಟಗಳನ್ನು ಎರಡು ಗಂಟೆಯೊಳಗೆ ಬಿಟ್ಟಿದ್ದ. ಅವೆಲ್ಲ ಸೇರಿ 15 ಗಂಟೆ. ಮುಗಿಸಿದ್ದು ನಾಲ್ಕು, ಎಲ್ಲವೂ ನಾಲ್ಕರಿಂದ ಏಳು ಗಂಟೆಯ ಪುಟ್ಟ ಆಟಗಳು, ಒಟ್ಟು 22 ಗಂಟೆ. ಒಂದು ದೊಡ್ಡ ರೋಲ್ ಪ್ಲೇಯಿಂಗ್ ಆಟಕ್ಕೆ 17 ಗಂಟೆ ಹೋಗಿತ್ತು, ಅದು ಅರ್ಧಕ್ಕೆ ನಿಂತಿತ್ತು (ಅದರ ಕಥೆ ಮುಂದೆ ಬರುತ್ತದೆ). ಇನ್ನು ನಾಲ್ಕು ಆಟ ಎರಡೆರಡು ಗಂಟೆಯ ಆಸುಪಾಸಿನಲ್ಲಿ ಕೈಬಿಟ್ಟವು, ಒಟ್ಟು 8 ಗಂಟೆ. ಉಳಿದ 19 ಗಂಟೆ ಆ ತೋಳ ಮತ್ತು ಗಿಡಗಳ ಪಾಲು.

ಕನ್ಸೋಲಿನಲ್ಲಿ ವಾರಕ್ಕೊಮ್ಮೆ ತಮ್ಮನ ಜೊತೆ ಆಡುವ ಫುಟ್‌ಬಾಲ್ ಈ ಲೆಕ್ಕದಲ್ಲಿ ಇರಲೇ ಇಲ್ಲ. ಮರೆತೆಯಾ ಎಂದು ಕೇಳಿದೆ. "ಅದೇನು ಆಟ ಅಲ್ಲವಲ್ಲ, ಅದು ಅವನ ಹತ್ರ ಮಾತಾಡೋಕೆ" ಅಂದ. ಆಗ ನಾನು ಇದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

ಯಾವ ಆಟವನ್ನು ಯಾವ ದಿನ ಶುರು ಮಾಡಿದ್ದಾನೆ ಎಂದು ಸಾಲಾಗಿ ಜೋಡಿಸಿದಾಗ ಒಂದು ವಿಚಿತ್ರ ಕಂಡಿತು. 23 ಆಟಗಳಲ್ಲಿ ಹೆಚ್ಚಿನವು ತಿಂಗಳ 18ರಿಂದ 23ರ ನಡುವೆ, ಇಲ್ಲವೇ ಚಂದಾ ಕಟ್ಟಿದ ಮರುದಿನ ಶುರುವಾಗಿದ್ದವು. ತಿಂಗಳ ನಡುವೆ ಹೊಸ ಆಟವೇ ಇಲ್ಲ. ಅಂದರೆ ಯಾವ ಆಟ ಅನ್ನುವುದನ್ನು ಅವನ ಮನಸ್ಸಿನ ಬದಲು ಕಾರ್ಡಿನಿಂದ ದುಡ್ಡು ಕಡಿತವಾಗುವ ದಿನ ಆರಿಸುತ್ತಿತ್ತು.

ಇನ್ನೊಂದು ತಪ್ಪೊಪ್ಪಿಗೆಯೂ ಹೊರಬಂತು. ಒಂದು ಭಾನುವಾರ ಆಟ ಹಾಕಿಟ್ಟು ಬಟ್ಟೆ ಮಡಚಲು ಹೋಗಿದ್ದನಂತೆ. ಒಂದೂಕಾಲು ಗಂಟೆ ಗಡಿಯಾರ ಓಡಿತು, ಹಳದಿ ಕಾಲಂನಲ್ಲಿ ಸಂಖ್ಯೆ ಇಳಿಯಿತು. ನಾವಿಬ್ಬರೂ ನಕ್ಕೆವು. ಆದರೆ ಆ ಕಾಲಂನ ಹುಳುಕು ಅಲ್ಲೇ ಇದೆ. ಭಾಗಾಕಾರದ ಕೆಳಗಿರುವುದು ಗಂಟೆ. ಗಂಟೆ ಹೆಚ್ಚಾದರೆ ಸಾಕು, ಅದು ಖುಷಿಯ ಗಂಟೆಯೋ ಬಟ್ಟೆ ಮಡಚಿದ ಗಂಟೆಯೋ ಅದಕ್ಕೆ ಗೊತ್ತಿಲ್ಲ. ಜೊತೆಗೆ, 23ಕ್ಕೆ ದುಡ್ಡು ಹೋದ ಮೇಲೆ ಆ ತಿಂಗಳು ಎಷ್ಟು ಆಡಿದರೂ ಒಂದು ಕಾಸೂ ವಾಪಸ್ ಬರುವುದಿಲ್ಲ. ಅವನ ಹತ್ತಿರ ನಿಜವಾಗಿ ಖರ್ಚಾಗುತ್ತಿದ್ದದ್ದು ವಾರದ ಆ ಆರೇಳು ಗಂಟೆ. ಅದಕ್ಕೇ ಲೆಕ್ಕ ಇಟ್ಟಿರಲಿಲ್ಲ.

ಒಂದೇ ಚಂದಾ, ಎರಡು ದಿಕ್ಕು

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದಲ್ಲಿ ನನಗೆ ನಿಜಕ್ಕೂ ಹೊಸದಾಗಿ ಕಂಡದ್ದು ಇದು.

ಚಂದಾ ಒತ್ತಡ ಅಂದರೆ ಒಂದೇ ಬಗೆಯದು ಅಂದುಕೊಂಡಿದ್ದೆ. ಅವನ ದಾಖಲೆ ನೋಡಿದರೆ ಎರಡು, ಅದೂ ಒಂದಕ್ಕೊಂದು ಉಲ್ಟಾ. ಲೈಬ್ರರಿಯ ಚಂದಾ ಅವನನ್ನು ಹತ್ತು ಕಡೆ ಓಡಿಸುತ್ತಿತ್ತು: ಇಷ್ಟೊಂದು ಇದೆಯಲ್ಲ, ಆದಷ್ಟು ಮುಟ್ಟಿ ನೋಡು, ಉದ್ದದ್ದಕ್ಕೆ ಕೈ ಹಾಕಬೇಡ, ಮುಗಿಯುವಂಥದ್ದು ಹುಡುಕು. ಆನ್‌ಲೈನ್ ಆಟದ ಚಂದಾ ಅದೇ ಮನುಷ್ಯನನ್ನು ಒಂದೇ ಕಂಬಕ್ಕೆ ಕಟ್ಟುತ್ತಿತ್ತು: ಕಟ್ಟಿದ್ದೀಯ, ದಿನಾ ಬಾ, ಬೇರೆ ಕಡೆ ಹೋದರೆ ಇಲ್ಲಿನದು ನಷ್ಟ. ಒಂದು ಅಲೆದಾಡಿಸುವ ಚಂದಾ, ಇನ್ನೊಂದು ಕೂಡಿಹಾಕುವ ಚಂದಾ. ಒಬ್ಬನೇ ಆಟಗಾರ ಎರಡನ್ನೂ ಕಟ್ಟಿದರೆ ಆ ಶುಕ್ರವಾರ ರಾತ್ರಿ ನಾನು ಕಂಡದ್ದೇ ಆಗುತ್ತದೆ. ಒಂದು ಡೌನ್‌ಲೋಡ್ ಆಗುವಾಗ ಇನ್ನೊಂದರಲ್ಲಿ ತೋಳ ಕೊಲ್ಲುವುದು.

ದುಡ್ಡು ಕಟ್ಟುವ ರೀತಿ ಆಟದ ರೀತಿಯನ್ನೇ ತಿದ್ದುತ್ತದೆ ಎಂಬುದು ಹಳೆಯ ಸಂಗತಿ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದಲ್ಲಿ ಆಟ ಬೇಗ ಸೋಲಿಸಬೇಕಿತ್ತು. ನೀವು ಸೋತರಲ್ಲವೇ ಮುಂದಿನ ನಾಣ್ಯ ಬೀಳುವುದು. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಎಂಬ ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟ ತಿಂಗಳಿಗೆ 9.95 ಡಾಲರ್ ಕೇಳಿತು. 2004ರ ನವೆಂಬರ್‌ನಲ್ಲಿ ಅದೇ ಬಗೆಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತಿಂಗಳಿಗೆ 14.99ಕ್ಕೆ ಬಂತು. ಇಂಥ ಆಟ ಬೇಗ ಮುಗಿದರೆ ಕಂಪನಿಗೇ ನಷ್ಟ, ಹಾಗಾಗಿ ಅವು ಮುಗಿಯುವುದೇ ಇಲ್ಲ. ಇವತ್ತಿನ ಲೈಬ್ರರಿಗೆ ಬೇಕಾದದ್ದು ಮೂರನೆಯ ಬಗೆ: ನೀವು ಗೆಲ್ಲಿ, ಸೋಲಿ, ಮಧ್ಯಕ್ಕೆ ಬಿಡಿ, 23ರಂದು ಒಳಗಿದ್ದರೆ ಸಾಕು. ನನ್ನ ಗೆಳೆಯ ಇದನ್ನೆಲ್ಲ ಕೇಳಿ, "ಅಂದ್ರೆ ನಾನು ಸ್ಕಿಪ್ ಒತ್ತಿದ್ದು ನನ್ನ ತಪ್ಪಲ್ಲ" ಅಂದ. ಅರ್ಧ ನಿನ್ನದೇ ಅಂದೆ.

ಕೂಡಿಹಾಕುವ ಚಂದಾದಲ್ಲಿ ಭಯವೂ ಬೆರೆತಿರುತ್ತದೆ. ಇಂಥದೇ ಚಂದಾ ಆಟವಾದ ಫೈನಲ್ ಫ್ಯಾಂಟಸಿ 14ರಲ್ಲಿ ಆಟದೊಳಗೆ ಮನೆ ಕೊಂಡವರು 45 ದಿನ ಆ ಮನೆಯೊಳಗೆ ಕಾಲಿಡದಿದ್ದರೆ ಮನೆ ತಾನಾಗಿ ಕೆಡವಲ್ಪಡುತ್ತದೆ. ನಿವೇಶನಗಳು ಕಡಿಮೆ, ಬೇಕೆನ್ನುವವರು ಹೆಚ್ಚು, ಹಾಗಾಗಿ ಆ ನಿಯಮಕ್ಕೆ ಕಾರಣ ಇದೆ. ತಮಾಷೆ ಎಂದರೆ ಅದೇ ಆಟದ ನಿರ್ದೇಶಕ ನವೋಕಿ ಯೋಶಿದಾ, ದಿನಾ ಆಡಬೇಕಿಲ್ಲ, ಬೇರೆ ಆಟ ಆಡಿಕೊಂಡು ದೊಡ್ಡ ಅಪ್‌ಡೇಟ್ ಬಂದಾಗ ವಾಪಸ್ ಬನ್ನಿ ಎಂಬರ್ಥದಲ್ಲಿ ಬಹಿರಂಗವಾಗಿಯೇ ಹೇಳಿದ್ದಾರೆ. ಇಂಥ ಮಾತು ಹೇಳಿದವರು ಆ ಉದ್ಯಮದಲ್ಲಿ ಹೆಚ್ಚಿಲ್ಲ. ಆದರೆ ಮನೆ ಇದ್ದವನಿಗೆ ನಿರ್ದೇಶಕನ ಮಾತಿಗಿಂತ 45ರ ಎಣಿಕೆಯೇ ಗಟ್ಟಿಯಾಗಿ ಕೇಳಿಸುತ್ತದೆ.

ನಾಟಕದ ಟಿಕೆಟ್, ಜಿಮ್ಮಿನ ಕಂತು

ಕಟ್ಟಿದ ದುಡ್ಡು ಮನಸ್ಸನ್ನು ಎಳೆಯುವ ಬಗೆಯನ್ನು ಅಳೆದವರಿದ್ದಾರೆ. ಹಾಲ್ ಆರ್ಕಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಓಹಾಯೋ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಸೀಸನ್ ಟಿಕೆಟ್ ಕೊಳ್ಳಲು ಬಂದ ಮೊದಲ 60 ಮಂದಿಯಲ್ಲಿ ಕೆಲವರಿಗೆ ಪೂರ್ತಿ 15 ಡಾಲರಿಗೆ ಕೊಟ್ಟರು, ಕೆಲವರಿಗೆ 13ಕ್ಕೆ, ಕೆಲವರಿಗೆ 8ಕ್ಕೆ. ಯಾರಿಗೆ ಯಾವ ಬೆಲೆ ಎಂಬುದು ಅದೃಷ್ಟದ ಮೇಲೆ. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಹೆಚ್ಚು ನಾಟಕಗಳಿಗೆ ಬಂದರು. ನಾಟಕ ಎಲ್ಲರಿಗೂ ಅದೇ. ಕೊಟ್ಟ ದುಡ್ಡು ಮಾತ್ರ ಬೇರೆ. ಎರಡನೇ ಅರ್ಧಕ್ಕೆ ಬರುವ ಹೊತ್ತಿಗೆ ಆ ವ್ಯತ್ಯಾಸ ಇರಲಿಲ್ಲ.

ದುಡ್ಡಿನ ಬಿಸಿ ಆರುತ್ತದೆ ಎಂಬ ಈ ಎರಡನೇ ಭಾಗವೇ ನಮಗೆ ಮುಖ್ಯ. ಜಾನ್ ಗೂರ್ವಿಲ್ ಮತ್ತು ದಿಲೀಪ್ ಸೋಮನ್ 1998ರಲ್ಲಿ ಇದನ್ನೇ ವಿವರಿಸಿದರು. ಆರು ತಿಂಗಳಿಗೊಮ್ಮೆ ಹಣ ಕಟ್ಟುವ ಹೆಲ್ತ್ ಕ್ಲಬ್ ಸದಸ್ಯರು ಕಟ್ಟಿದ ತಿಂಗಳಲ್ಲಿ ಹೆಚ್ಚು ಬರುತ್ತಾರೆ, ಮುಂದಿನ ತಿಂಗಳುಗಳಲ್ಲಿ ಕಡಿಮೆಯಾಗುತ್ತ ಹೋಗುತ್ತಾರೆ, ಮತ್ತೆ ಕಟ್ಟಿದಾಗ ಮತ್ತೆ ಬರುತ್ತಾರೆ. ತಿಂಗಳ ಚಂದಾದಲ್ಲಿ ಬಿಸಿ ಆರುವಷ್ಟರಲ್ಲಿ ಮತ್ತೆ ಒಲೆ ಹಚ್ಚಿರುತ್ತಾರೆ. ಗೆಳೆಯನಿಗೆ ತಿಂಗಳಿಗೆ ಮೂರು ಸಲ.

ಅವನು ತಕ್ಷಣ ಹಿಡಿದುಕೊಂಡ: "ಹಾಗಾದ್ರೆ ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡ್ತೀನಿ. ರಿಯಾಯಿತಿನೂ ಇದೆ. ಎರಡು ತಿಂಗಳಾದ ಮೇಲೆ ಮರೆತೇ ಹೋಗತ್ತೆ." ಮರೆತು ಹೋಗುತ್ತದೆ ಎಂಬುದು ನಿಜ, ಅದೇ ಸಮಸ್ಯೆ ಅಂದೆ. ಸ್ಟೆಫಾನೊ ಡೆಲ್ಲಾವಿನಾ ಮತ್ತು ಉಲ್ರಿಕೆ ಮಾಲ್‌ಮೆಂಡಿಯರ್ 2006ರಲ್ಲಿ ಅಮೆರಿಕದ ಜಿಮ್‌ಗಳ ಲೆಕ್ಕ ತೆಗೆದು ತೋರಿಸಿದ್ದು ಅದನ್ನೇ. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಸರಾಸರಿ ತಿಂಗಳಿಗೆ 4.3 ಸಲ ಹೋಗುತ್ತಿದ್ದರು. ಒಂದು ಭೇಟಿಗೆ 17 ಡಾಲರಿಗೂ ಮೇಲೆ ಬಿತ್ತು. ಹತ್ತು ಭೇಟಿಯ ಪಾಸ್ ತೆಗೆದುಕೊಂಡಿದ್ದರೆ ತಲಾ 10 ಡಾಲರಿಗೆ ಮುಗಿಯುತ್ತಿತ್ತು. ನಾವು ಎಷ್ಟು ಬಳಸುತ್ತೇವೆ ಎಂಬುದರ ಬಗ್ಗೆ ಚಂದಾ ಕಟ್ಟುವಾಗಿನ ನಮ್ಮ ಅಂದಾಜು ಯಾವಾಗಲೂ ಒಂದು ಕೈ ಮೇಲೆಯೇ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಅವತ್ತು ಮುಗಿಯಲಿಲ್ಲ. ನೆಮ್ಮದಿಗೋಸ್ಕರ ಒಂದಿಷ್ಟು ದುಡ್ಡು ವ್ಯರ್ಥವಾದರೆ ಏನು ತಪ್ಪು ಎಂಬ ಅವನ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಕೊನೆಗೆ ವಾರ್ಷಿಕ ಚಂದಾ ಕಟ್ಟದೆ ಇದ್ದದ್ದು ನನ್ನ ವಾದದಿಂದಲ್ಲ. ಅದೇ ವಾರ ಹದಿನೇಳು ಗಂಟೆ ಹೋಯಿತು.

ಹದಿನೇಳು ಗಂಟೆ

ಅರ್ಧಕ್ಕೆ ನಿಂತ ಆ ದೊಡ್ಡ ಆಟ. 81 ಗಂಟೆಗಳಲ್ಲಿ ಅವನು ಗಡಿಯಾರ ಮರೆತು ಆಡಿದ್ದು ಅದೊಂದನ್ನೇ ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಅದರ ಬಗ್ಗೆ ಹೇಳುವಾಗ ಗಂಟೆ ಹೇಳದೆ ಅದರೊಳಗಿನ ಒಂದು ಸೇತುವೆಯ ಬಗ್ಗೆ ಹೇಳಿದ. ಆಟ ಲೈಬ್ರರಿ ಬಿಡುತ್ತದೆ ಎಂಬ ಸೂಚನೆ ಎರಡು ವಾರ ಮೊದಲೇ ಬಂದಿತ್ತು. ಅಲ್ಲಿಂದ ಆಟದ ರುಚಿ ಕೆಟ್ಟಿತು. ಅಡ್ಡದಾರಿಯ ಕಥೆಗಳನ್ನು ಬಿಟ್ಟ, ಕಷ್ಟದ ಮಟ್ಟವನ್ನು ಇಳಿಸಿದ, ಒಂದು ರಾತ್ರಿ ಎರಡು ಗಂಟೆಯವರೆಗೆ ಕೂತ. ಮುಗಿಯಲಿಲ್ಲ.

ಹೊರಡುವ ಹಿಂದಿನ ದಿನ ಅದೇ ಆಟ ಬೇರೊಂದು ಅಂಗಡಿಯಲ್ಲಿ ಭಾರಿ ರಿಯಾಯಿತಿಯಲ್ಲಿ ಕಂಡಿತು. ಲೈಬ್ರರಿಯವರು ಸದಸ್ಯರಿಗೆ ಕೊಡುತ್ತಿದ್ದ ರಿಯಾಯಿತಿಗಿಂತ ಅಗ್ಗ. ಕೊಂಡ. ಇನ್‌ಸ್ಟಾಲ್ ಮಾಡಿ ತೆರೆದರೆ "ಹೊಸ ಆಟ" ಎಂಬ ಒಂದೇ ಬಟನ್. ಹಳೆಯ ಸೇವ್, ಅಂದರೆ ಎಲ್ಲಿಯವರೆಗೆ ಆಡಿದ್ದ ಎಂಬ ದಾಖಲೆ, ಇಲ್ಲ. ಎರಡು ಅಂಗಡಿಗಳ ಆವೃತ್ತಿಗಳು ಸೇವ್ ಫೈಲನ್ನು ಬೇರೆ ಬೇರೆ ಜಾಗದಲ್ಲಿ, ಕೆಲವೊಮ್ಮೆ ಬೇರೆ ರೂಪದಲ್ಲಿ ಇಡುತ್ತವೆ. ಆಟ ಮಾಡಿದವರೇ ತಮ್ಮ ಅಕೌಂಟಿನ ಮೂಲಕ ಎರಡನ್ನೂ ಜೋಡಿಸಿದ್ದರೆ ಮಾತ್ರ ಪ್ರಗತಿ ಸಾಗುತ್ತದೆ. ಇದರಲ್ಲಿ ಜೋಡಿಸಿರಲಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು ಲೈಬ್ರರಿಯ ಅಂಗಡಿಯಲ್ಲೇ ಕೊಂಡಿದ್ದರೆ ನಿಂತಲ್ಲಿಂದ ಮುಂದುವರಿಯಬಹುದಿತ್ತು. ನನಗೆ ಫೋನ್ ಮಾಡಿ ಹೇಳಿದ. ಬೈಯಲಿಲ್ಲ, ಏನಿಲ್ಲ, ಸುಮ್ಮನಿದ್ದ. ಐದು ವಾರ ಆ ಆಟವನ್ನು ಮುಟ್ಟಲಿಲ್ಲ.

ಇಲ್ಲಿ ಓದುಗರಿಗೆ ಉಪಯೋಗವಾಗುವ ಒಂದೆರಡು ಮಾತು. ಲೈಬ್ರರಿಯಲ್ಲಿ ಒಂದು ಆಟ ನಿಜಕ್ಕೂ ಹಿಡಿಸಿದರೆ, ಅದು ಹೊರಡುವ ಮೊದಲೇ, ಅದೇ ಅಂಗಡಿಯಲ್ಲಿ ಕೊಳ್ಳುವುದು ಕ್ಷೇಮ. ಕ್ಲೌಡ್ ಸೇವ್ (ಕಂಪನಿಯ ಸರ್ವರಿನಲ್ಲಿ ಉಳಿಯುವ ಸೇವ್) ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ನಿಯಮ: ನಿಂಟೆಂಡೊ ಚಂದಾ ಮುಗಿದ ಮೇಲೆ 180 ದಿನ ಇಟ್ಟುಕೊಳ್ಳುತ್ತದೆ, ಎಕ್ಸ್‌ಬಾಕ್ಸ್‌ನಲ್ಲಿ ಸೇವ್ ಉಳಿಯಲು ಚಂದಾ ಬೇಕಾಗಿಲ್ಲ. ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ಸದಸ್ಯರಿಗೆ ಪ್ರತಿ ತಿಂಗಳು ಕೊಡುವ ಆಟವಾಗಿ ತೆಗೆದುಕೊಂಡದ್ದು ಚಂದಾ ನಿಂತರೆ ತೆರೆಯುವುದಿಲ್ಲ, ಮತ್ತೆ ಕಟ್ಟಿದರೆ ವಾಪಸ್ ತೆರೆಯುತ್ತದೆ. ಅಂದರೆ ಬಿಟ್ಟು ಹೋದರೆ ಎಲ್ಲ ಹೋಯಿತು ಎಂಬ ಹೆದರಿಕೆ ಹಲವು ಸಲ ನಿಜಕ್ಕಿಂತ ದೊಡ್ಡದು.

ಮಾಡಿ ನೋಡಿದ್ದು

ಮೊದಲ ಉಪಾಯ ನನ್ನದು, ಅದು ಕೆಟ್ಟದಾಗಿ ಸೋತಿತು. ತಿಂಗಳಿಗೆ ಒಂದೇ ಆಟ ಎಂಬ ನಿಯಮ. ಒಂಬತ್ತನೇ ದಿನ ಮುರಿಯಿತು. ಲೈಬ್ರರಿಯ ಬಾಗಿಲು ತೆರೆದಿಟ್ಟು ಒಂದೇ ಆಟ ಆಡು ಎಂದರೆ ಅದು ಇನ್ನೊಂದು ಪರೀಕ್ಷೆ ಆಯಿತು ಅಷ್ಟೆ; ಚಂದಾದ ಒತ್ತಡದ ಜೊತೆ ನನ್ನದೂ ಒಂದು.

ಎರಡನೆಯದು ಅವನದೇ. ಲೈಬ್ರರಿಗೆ ಕಟ್ಟಿದ ದಿನವೇ ಆಟೋ ರಿನ್ಯೂ (ಚಂದಾ ತಾನಾಗಿ ಮುಂದುವರಿಯುವ ವ್ಯವಸ್ಥೆ) ಆಫ್ ಮಾಡುವುದು. ಹೀಗೆ ಮಾಡಿದರೂ ಕಟ್ಟಿದ ತಿಂಗಳು ಪೂರ್ತಿ ಸಾಮಾನ್ಯವಾಗಿ ಸಿಗುತ್ತದೆ. ಆಫ್ ಮಾಡುವ ಪರದೆಗಳನ್ನು ನಾನೂ ನೋಡಿದೆ. ಮೂರು ಪುಟ. ಎರಡನೇ ಪುಟದಲ್ಲಿ ಅವನು ಕಳೆದುಕೊಳ್ಳುವ ಆಟಗಳ ಬಣ್ಣಬಣ್ಣದ ಚಿತ್ರಗಳು, ಅದರಲ್ಲಿ ಅವನು ಎರಡು ಗಂಟೆಯೊಳಗೆ ಬಿಟ್ಟಿದ್ದ ಆರು ಆಟ. "ನೋಡು, ನೀನು ಪ್ರೀತಿಸಿದವು" ಅಂದೆ. ಮೊದಲ ಸಲ ಮನಸಾರೆ ನಕ್ಕ. ಅಂದಹಾಗೆ ಆಟೋ ರಿನ್ಯೂ ವಿಷಯದಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಗೇಮಿಂಗ್ ಚಂದಾಗಳನ್ನು ತನಿಖೆ ಮಾಡಿದ ಮೇಲೆ, 2022ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೆಲವು ಬದಲಾವಣೆಗೆ ಒಪ್ಪಿತು. ಬಹಳ ದಿನ ಬಳಸದೆ ಸುಮ್ಮನೆ ಕಟ್ಟುತ್ತಿರುವವರಿಗೆ ನೆನಪಿಸುವುದು, ಆಗಲೂ ಬಳಸದಿದ್ದರೆ ಹಣ ತೆಗೆಯುವುದನ್ನೇ ನಿಲ್ಲಿಸುವುದು ಅವುಗಳಲ್ಲಿ ಒಂದು. ಎಲ್ಲ ಕಡೆ ಹೀಗಿದ್ದರೆ ಎಷ್ಟು ಚೆನ್ನ.

ಮೂರನೆಯದೇ ನಿಂತದ್ದು. ಅವನು ಒಂದು ಕಾಗದದಲ್ಲಿ ಆಡಬೇಕೆಂದಿರುವ ಆಟಗಳ ಹೆಸರು ಬರೆದ, ಎಲ್ಲಿ ಸಿಗುತ್ತವೆ ಎಂದು ನೋಡದೆ. ಹನ್ನೊಂದು ಹೆಸರು. ಬರೆದ ಮೇಲೆ ಹುಡುಕಿದರೆ ಅವನು ಕಟ್ಟುತ್ತಿದ್ದ ಎರಡು ಲೈಬ್ರರಿಗಳಲ್ಲಿ ಇದ್ದದ್ದು ಮೂರು. ನಾಲ್ಕು ಅವನ ಬಳಿಯೇ ಇದ್ದವು, ವರ್ಷಗಳ ಹಿಂದೆ ಕೊಂಡು ತೆರೆಯದವು. ಆ ಕಾಗದ ಮಾನಿಟರಿನ ಕೆಳಗೆ ಅಂಟಿತು. ಪಟ್ಟಿಯ ಎರಡು ಆಟ ಒಂದೇ ಲೈಬ್ರರಿಯಲ್ಲಿ ಇದ್ದು, ಮುಂದಿನ ಎರಡು ಮೂರು ವಾರ ಬಿಡುವಿದ್ದರೆ ಒಂದು ತಿಂಗಳಿಗೆ ಕಟ್ಟುವುದು, ಇಲ್ಲದಿದ್ದರೆ ಇಲ್ಲ. ಹಳದಿ ಕಾಲಂ ಅಳಿಸಿದ. ಕನ್ಸೋಲಿನ ಚಂದಾವನ್ನು ಕೆಳಗಿನ ಹಂತಕ್ಕೆ ಇಳಿಸಿದ, ಬಿಡಲಿಲ್ಲ; ತಮ್ಮನ ಜೊತೆಗಿನ ಫುಟ್‌ಬಾಲಿಗೆ ಅದು ಬೇಕು. ಆನ್‌ಲೈನ್ ಆಟದ ಚಂದಾ ನಿಲ್ಲಿಸಿದ.

ಮುಂದಿನ ಹನ್ನೆರಡು ವಾರದಲ್ಲಿ ಆಡಿದ್ದು 58 ಗಂಟೆ, 81ರಿಂದ ಕೆಳಗೆ. ಆಡಿದ್ದು ಐದು ಆಟ, ಜೊತೆಗೆ ಕೊನೆಗೆ ಹೇಳುವ ಒಂದು. ಮೂರು ಮುಗಿದವು, 23 ಗಂಟೆ: ಎರಡು ಆ ಒಂದು ತಿಂಗಳ ಲೈಬ್ರರಿಯಿಂದ, ಒಂದು ಹಳೆಯ ಖರೀದಿ. ಒಂದನ್ನು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡು, ಒಂದು ಗಂಟೆ ಆಡಿ, ಹಿಡಿಸದೆ ಹಣ ವಾಪಸ್ ಪಡೆದ. ಅಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೇಳಬಹುದು. ಹಿಂದಿನ ಪಟ್ಟಿಯ ಆ 14 ಆಟಗಳ ನೆನಪು ಬಂತು ನನಗೆ. ಮತ್ತು ಆ ದೊಡ್ಡ ಆಟವನ್ನು ಮೊದಲಿಂದ ಶುರು ಮಾಡಿದ್ದಾನೆ. 26 ಗಂಟೆ ಆಗಿದೆ, ಹಿಂದೆ 17ರಲ್ಲಿ ತಲುಪಿದ್ದ ಜಾಗಕ್ಕೆ ಇನ್ನೂ ಬಂದಿಲ್ಲ. ಸೇತುವೆಯ ಈಚೆ ಇರುವ ಊರಿನಲ್ಲಿ ಎಲ್ಲರನ್ನೂ ಮಾತಾಡಿಸುತ್ತಿದ್ದಾನೆ.

ಖರ್ಚು ಇಳಿಯಿತೇ ಎಂದರೆ ಸ್ವಲ್ಪ, ಹೇಳಿಕೊಳ್ಳುವಷ್ಟಿಲ್ಲ. ದೊಡ್ಡ ಆಟಕ್ಕೆ ಕೊಟ್ಟದ್ದನ್ನು ಸೇರಿಸಿದರೆ ಉಳಿತಾಯ ಇನ್ನೂ ಕಡಿಮೆ. ಕಳೆದುಕೊಂಡದ್ದೂ ಇದೆ. ಹಿಂದಿನ ಹನ್ನೆರಡು ವಾರದಲ್ಲಿ ಮುಗಿಸಿದ ನಾಲ್ಕರಲ್ಲಿ ಒಂದು ಪುಟ್ಟ ಪಝಲ್ ಆಟವಿತ್ತು, ಬರೀ ಬೆಳಕು ನೆರಳು. ಅದರ ಹೆಸರನ್ನೇ ಅವನು ಕೇಳಿರಲಿಲ್ಲ, ಲೈಬ್ರರಿ ಇಲ್ಲದಿದ್ದರೆ ಎಂದೂ ಕೊಳ್ಳುತ್ತಿರಲಿಲ್ಲ, ಮತ್ತು ಆ ವರ್ಷ ಅವನಿಗೆ ಅತಿ ಹಿಡಿಸಿದ್ದು ಅದೇ. ಪಟ್ಟಿ ಬರೆದುಕೊಂಡು ಆಡುವವನಿಗೆ ಇಂಥದ್ದು ಎದುರಾಗುವುದಿಲ್ಲ. ದಿನಕ್ಕೆ ಮೂರು ಗಂಟೆ ಸಿಗುವವರಿಗೆ, ಒಂದೇ ಅಕೌಂಟಿನಲ್ಲಿ ಮಕ್ಕಳೂ ಆಡುವ ಮನೆಗಳಿಗೆ, ಸುಮ್ಮನೆ ಕೆದಕಿ ನೋಡುವುದರಲ್ಲೇ ಖುಷಿ ಪಡುವವರಿಗೆ ಲೈಬ್ರರಿ ಚಂದಾ ಒಳ್ಳೆಯದೇ. ನನ್ನ ಗೆಳೆಯ ಅಂಥವನಲ್ಲ, ಆದರೆ ಅಂಥವನೆಂದುಕೊಂಡು ಕಟ್ಟುತ್ತಿದ್ದ.

ಮಂಗಳವಾರ

ಒಂಬತ್ತನೇ ವಾರದ ಹೊತ್ತಿಗೆ ಅವನು ಆನ್‌ಲೈನ್ ಆಟಕ್ಕೆ ಮತ್ತೆ ಒಂದು ತಿಂಗಳ ಚಂದಾ ಕಟ್ಟಿದ. ನನಗೆ ಹೇಳಲು ಹಿಂದೆಮುಂದೆ ನೋಡಿದನಂತೆ, ಬೈಯುತ್ತೇನೆ ಅಂತ. ಗಿಲ್ಡ್‌ನವರು, ಅಂದರೆ ಆಟದೊಳಗಿನ ಅವನ ತಂಡದವರು, ಮೆಸೇಜ್ ಮಾಡಿದ್ದರು: ನಾಲ್ಕು ವರ್ಷದಿಂದ ಒಟ್ಟಿಗೆ ಆಡಿದ ಏಳು ಮಂದಿ, ಅದರಲ್ಲಿ ಆರು ಮಂದಿಯ ಮುಖವನ್ನು ಇವನು ನೋಡಿಲ್ಲ. ಮಂಗಳವಾರ ರಾತ್ರಿ ಒಂಬತ್ತರಿಂದ ಹನ್ನೊಂದು ಅವರ ಹೊತ್ತು. ಎಂಟನೆಯವನಿಲ್ಲದೆ ಆಟದ ದೊಡ್ಡ ಶತ್ರು, ಬಾಸ್, ಬೀಳುತ್ತಿರಲಿಲ್ಲವಂತೆ.

ಈಗ ಅವನು ಮಂಗಳವಾರ ಮಾತ್ರ ಒಳಗೆ ಹೋಗುತ್ತಾನೆ. ಡೈಲಿ ಕ್ವೆಸ್ಟ್ ಮುಟ್ಟುವುದಿಲ್ಲ, ತೋಳಗಳು ಹಾಯಾಗಿವೆ. ತಿಂಗಳಿಗೆ ನಾಲ್ಕು ಮಂಗಳವಾರ, ಎಂಟು ಗಂಟೆ. ನಾನು ಸುಮ್ಮನೆ ಕುತೂಹಲಕ್ಕೆ ಅಳಿಸಿಹೋದ ಹಳದಿ ಕಾಲಂ ಅನ್ನು ಮನಸ್ಸಿನಲ್ಲೇ ಮತ್ತೆ ತುಂಬಿ ನೋಡಿದೆ. ಗಂಟೆಯ ಲೆಕ್ಕ ಹಿಡಿದರೆ ಅವನು ಈಗ ಆಡುತ್ತಿರುವ ಎಲ್ಲ ಆಟಗಳಲ್ಲಿ ಇದೇ ಎಲ್ಲಕ್ಕಿಂತ ದುಬಾರಿ. ಅವನಿಗೆ ಹೇಳಿಲ್ಲ.